ವೆಸ್ಟ್ ಇಂಡೀಸ್ ಅನ್ನೋ ದೇಶ ಎಲ್ಲಿದೆ?

ಪನಾಮಾದ ಕೊಲೋನ್ ಅನ್ನೋ ಬಂದರು ಪಟ್ಟಣದಲ್ಲಿ 1909ರಲ್ಲಿ ಒಂದು ಗಂಡು ಮಗು ಹುಟ್ಟಿತು. ಅಪ್ಪ ಬಾರ್ಬಡೋಸ್‌ನವರು, ಅಮ್ಮ ಜಮೈಕಾದವರು. ಆಗ ಪನಾಮಾ ಕಾಲುವೆ ತೋಡುವ ಕೆಲಸ ನಡೆಯುತ್ತಿತ್ತು. ಕೆರಿಬಿಯನ್ ದ್ವೀಪಗಳಿಂದ ಸಾವಿರಗಟ್ಟಲೆ ಜನ ಕೂಲಿ ಅರಸಿ ಅಲ್ಲಿಗೆ ಹೋಗಿದ್ದರು. ಕಾಲುವೆ ಮುಗಿಯಿತು, ಸಂಸಾರ ಕ್ಯೂಬಾಕ್ಕೆ ಹೋಯಿತು. ಹುಡುಗ ಸ್ಪ್ಯಾನಿಷ್ ಮಾತಾಡಿಕೊಂಡೇ ಬೆಳೆದ. ಹತ್ತು ವರ್ಷ ತುಂಬುವ ಹೊತ್ತಿಗೆ ಅಮ್ಮನಿಗೆ ಚಿಂತೆ ಹತ್ತಿತು. ಮಗನಿಗೆ ಇಂಗ್ಲಿಷ್ ಬರದೇ ಹೋದರೆ ಹೇಗೆ? 1919ರಲ್ಲಿ ಅವನನ್ನು ಜಮೈಕಾಕ್ಕೆ ಕರೆತಂದು, ನೆಂಟರ ಮನೆಯಲ್ಲಿ ಬಿಟ್ಟು, ಇಂಗ್ಲಿಷ್ ಶಾಲೆಗೆ ಸೇರಿಸಿದರು.

ಆ ಹುಡುಗ ಮುಂದೆ ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡಕ್ಕೆ ಆಡಿದ ಬ್ಯಾಟ್ಸ್‌ಮನ್ ಜಾರ್ಜ್ ಹೆಡ್ಲಿ. 22 ಟೆಸ್ಟ್, 10 ಶತಕ, 60.83 ಸರಾಸರಿ. ಕ್ಯೂಬಾದಲ್ಲೇ ಉಳಿದಿದ್ದರೆ ಬೇಸ್‌ಬಾಲ್ ಆಡುತ್ತಿದ್ದನೋ ಏನೋ.

ಕ್ಯೂಬಾ, ಜಮೈಕಾ ಎರಡೂ ಒಂದೇ ಸಮುದ್ರದಲ್ಲಿವೆ. ಬಿಸಿಲು ಒಂದೇ, ಚಂಡಮಾರುತ ಒಂದೇ, ಕಬ್ಬು ಬೆಳೆಯೋಕೆ ಆಫ್ರಿಕಾದಿಂದ ಜನರನ್ನು ಹೊತ್ತು ತಂದ ಕಥೆಯೂ ಒಂದೇ. ಕ್ಯೂಬಾದಿಂದ ಜಮೈಕಾಕ್ಕೆ ಹಡಗಿನಲ್ಲಿ ಬಹಳ ದೂರವೇನೂ ಇಲ್ಲ. ಆದರೂ ಆ ತಾಯಿಗೆ ಒಂದು ಪರದೇಶ, ಇನ್ನೊಂದು ನಮ್ಮೋರ ಊರು. ಆ ನೀರಿನ ಮೇಲೆ ಯಾರೋ ಎಳೆದ ಗೆರೆಯೊಂದಿದೆ. ಗೆರೆಯ ಒಳಗೆ ಇರುವವರನ್ನು ನಾವು ವೆಸ್ಟ್ ಇಂಡೀಸ್ ಅಂತೀವಿ. ಭೂಪಟದಲ್ಲಿ ಹುಡುಕಿದರೆ ಆ ಹೆಸರಿನ ದೇಶ ಸಿಗಲ್ಲ. ಧ್ವಜವಿಲ್ಲ, ಪಾಸ್‌ಪೋರ್ಟ್ ಇಲ್ಲ, ಪ್ರಧಾನಿ ಇಲ್ಲ. ರಾಷ್ಟ್ರಗೀತೆ ನುಡಿಸಬೇಕಾದ ಜಾಗದಲ್ಲಿ ಡೇವಿಡ್ ರಡರ್ ಅನ್ನೋ ಟ್ರಿನಿಡಾಡ್ ಗಾಯಕರ ಒಂದು ಕ್ಯಾಲಿಪ್ಸೊ ಹಾಡು ಹಾಕುತ್ತಾರೆ.

ನಮ್ಮ ಕಡೆ ಈ ದ್ವೀಪಗಳ ಹೆಸರು ಬಾಯಿಪಾಠ ಆಗಿರೋದು ಸ್ಕೋರ್‌ಕಾರ್ಡಿನಿಂದ. ಬ್ರಿಡ್ಜ್‌ಟೌನ್, ಕಿಂಗ್‌ಸ್ಟನ್, ಜಾರ್ಜ್‌ಟೌನ್, ಪೋರ್ಟ್ ಆಫ್ ಸ್ಪೇನ್. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403 ರನ್ ಬೆನ್ನಟ್ಟಿ ಗೆದ್ದಾಗ ವಿಶ್ವನಾಥ್ ಹೊಡೆದ 112. 2002ರಲ್ಲಿ ಆಂಟಿಗಾದಲ್ಲಿ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾನ ವಿಕೆಟ್ ತೆಗೆದದ್ದು. ಸಂಜೆ ಏಳೂವರೆಗೆ ಶುರುವಾಗಿ ನಡುರಾತ್ರಿ ದಾಟುವ ಆ ಪಂದ್ಯಗಳನ್ನು ಕೇಳಿ, ನೋಡಿ ಬೆಳೆದ ನಮಗೆ ಆಂಟಿಗಾ ಗೊತ್ತು. ಅದರ ಪಕ್ಕದಲ್ಲೇ ಇರುವ ಗ್ವಾಡಲೂಪ್ ಗೊತ್ತಿಲ್ಲ. ಯಾಕೆ ಅಂದರೆ ಗ್ವಾಡಲೂಪ್ ಫ್ರಾನ್ಸಿನದು. ಭದ್ರಾವತಿಯ ಹುಡುಗನಿಗೂ ಬ್ರಿಡ್ಜ್‌ಟೌನ್ ಹುಡುಗನಿಗೂ ಪರಿಚಯ ಆದದ್ದು ಲಂಡನ್ ಮೂಲಕ. ಆ ಗೆರೆ ಬರೀ ಅವರ ಸಮುದ್ರದಲ್ಲಿಲ್ಲ, ನಮ್ಮ ತಲೆಯಲ್ಲೂ ಇದೆ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಗ್ರೀನಿಜ್ ಮತ್ತು ವಿವ್ ರಿಚರ್ಡ್ಸ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಕ್ಲೈವ್ ಲಾಯ್ಡ್‌ಗೆ ನಾಯಕನಾಗಿ ಮೊದಲನೆಯದು. ರಿಚರ್ಡ್ಸ್ ಎರಡೂ ಇನಿಂಗ್ಸ್‌ನಲ್ಲಿ ನಮ್ಮ ಚಂದ್ರಶೇಖರ್‌ಗೆ ಔಟಾದರು, 4 ಮತ್ತು 3. ಕ್ರಿಕೆಟ್ ಹುಚ್ಚಿರುವ ಬೆಂಗಳೂರಿಗರು ಇದನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ. ನನಗೆ ಮಾತ್ರ ಆ ತಂಡದ ಪಟ್ಟಿಯೇ ಕುತೂಹಲ. ಲಾಯ್ಡ್, ಕಾಳಿಚರಣ್ ಗಯಾನಾದವರು. ಡೆರಿಕ್ ಮರ್ರೆ ಟ್ರಿನಿಡಾಡ್‌ನವರು. ಗ್ರೀನಿಜ್ ಹುಟ್ಟಿದ್ದು ಬಾರ್ಬಡೋಸ್, 14ನೇ ವಯಸ್ಸಿನಿಂದ ಬೆಳೆದದ್ದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಬೇಕಿದ್ದರೆ ಇಂಗ್ಲೆಂಡಿಗೇ ಆಡಬಹುದಿತ್ತು. ರಿಚರ್ಡ್ಸ್ ಮತ್ತು ಆಂಡಿ ರಾಬರ್ಟ್ಸ್ ಆಂಟಿಗಾದವರು, ಆ ಆಂಟಿಗಾ ಆಗಿನ್ನೂ ಸ್ವತಂತ್ರ ದೇಶವೇ ಅಲ್ಲ. ಅದಕ್ಕೆ ಸ್ವಾತಂತ್ರ್ಯ ಬಂದದ್ದು 1981ರಲ್ಲಿ. ಹೀಗೆ ಮೂರ್ನಾಲ್ಕು ದೇಶದವರು, ಜೊತೆಗೆ ಇನ್ನೂ ದೇಶವಾಗದ ಊರಿನವರು, ಒಂದೇ ಮರೂನ್ ಟೋಪಿ ಹಾಕಿಕೊಂಡು ಕಬ್ಬನ್ ಪಾರ್ಕಿನ ಪಕ್ಕದಲ್ಲಿ ನಮ್ಮನ್ನು 267 ರನ್‌ಗಳಿಂದ ಬಡಿದು ಹೋದರು.

ಇವರನ್ನೆಲ್ಲ ಒಂದು ಮಾಡಿದ್ದು ಏನು? ಇಂಗ್ಲಿಷ್ ಅನ್ನೋದು ಥಟ್ಟನೆ ಬರುವ ಉತ್ತರ. ಆ ಉತ್ತರದ ಬಗ್ಗೆ ನನಗೆ ಅನುಮಾನ ಇದೆ.

ಇಂಗ್ಲಿಷ್ ಭಾಷೆ, ಇಂಗ್ಲಿಷ್ ಪರಂಪರೆ ಅಂತ ಮಾತು ಬಂದಾಗಲೆಲ್ಲ ಒಂದು ಪಟ್ಟಿ ತಾನಾಗಿ ಬರುತ್ತೆ: ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಆಂಗ್ಲೋಸ್ಫಿಯರ್ ಅಂತ ದೊಡ್ಡ ದೊಡ್ಡ ಲೇಖನಗಳಲ್ಲಿ ಬರೆಯುವಾಗ ಈ ಐದೇ. ಗೂಢಚರ್ಯೆಯ ಮಾಹಿತಿ ಹಂಚಿಕೊಳ್ಳುವ ಒಪ್ಪಂದದಲ್ಲೂ ಇದೇ ಐದು. ಈಗ ಇಸವಿ ನೋಡಿ. ಬಾರ್ಬಡೋಸ್‌ಗೆ ಇಂಗ್ಲಿಷರು ಬಂದು ನೆಲೆಸಿದ್ದು 1627ರಲ್ಲಿ. ಅಲ್ಲಿನ ಶಾಸನಸಭೆ ಶುರುವಾದದ್ದು 1639ರಲ್ಲಿ. ಜಮೈಕಾ ಇಂಗ್ಲಿಷರ ಕೈಗೆ ಬಂದದ್ದು 1655ರಲ್ಲಿ. ಆಸ್ಟ್ರೇಲಿಯಾವನ್ನು ಮೊದಲ ಕೈದಿ ಹಡಗು ಮುಟ್ಟಿದ್ದು 1788ರಲ್ಲಿ. ನ್ಯೂಜಿಲೆಂಡ್ ಇಂಗ್ಲಿಷರ ವಶವಾದದ್ದು 1840ರಲ್ಲಿ. ಹಳಬರು ಅನ್ನೋದೇ ಲೆಕ್ಕವಾದರೆ ಬಾರ್ಬಡೋಸ್ ಮುಂದಿನ ಸಾಲಿನಲ್ಲಿ ಕೂರಬೇಕಿತ್ತು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನೆಲ್ಸನ್ ಪ್ರತಿಮೆ ಏಳುವುದಕ್ಕೆ ಮೂವತ್ತು ವರ್ಷ ಮೊದಲೇ ಬ್ರಿಡ್ಜ್‌ಟೌನ್‌ನಲ್ಲಿ ಒಂದು ನೆಲ್ಸನ್ ಪ್ರತಿಮೆ ಇತ್ತು. 2020ರಲ್ಲಿ ಅದನ್ನು ಕೆಳಗಿಳಿಸಿದರು. ಮರುವರ್ಷ ರಾಣಿಯನ್ನೂ ಬಿಟ್ಟು ಗಣರಾಜ್ಯವಾದರು. ಇಷ್ಟೆಲ್ಲ ಇದ್ದೂ ಆ ಪಟ್ಟಿಯಲ್ಲಿ ಇವರ ಹೆಸರಿಲ್ಲ ಅಂದರೆ ಪಟ್ಟಿ ಮಾಡಿದವರು ಭಾಷೆಯನ್ನು ನೋಡಿರಲಿಲ್ಲ, ಚರ್ಮ ನೋಡಿದ್ದರು. ಇದನ್ನು ಸುತ್ತಿ ಬಳಸಿ ಹೇಳೋ ಅಗತ್ಯ ನನಗೆ ಕಾಣಲ್ಲ.

ಸರಿ, ಅವರ ಪಟ್ಟಿ ಅವರಿಗಿರಲಿ. ಕೆರಿಬಿಯನ್ ಒಳಗೇ ನೋಡೋಣ. ಅಲ್ಲಿ ಇಂಗ್ಲಿಷ್ ಮಾತಾಡುವವರೆಲ್ಲ ಒಂದು ಸೀಮೆ, ಆಡದವರು ಇನ್ನೊಂದು ಅಂತ ಗೆರೆ ಎಳೆದರೆ ಸರಿಹೋಗುತ್ತಾ? ಹೋಗಲ್ಲ. ಸೇಂಟ್ ಲೂಸಿಯಾ ಮತ್ತು ಡೊಮಿನಿಕಾ ದ್ವೀಪಗಳನ್ನು ತೆಗೆದುಕೊಳ್ಳಿ. ಫ್ರೆಂಚರು, ಇಂಗ್ಲಿಷರು ಸೇಂಟ್ ಲೂಸಿಯಾಕ್ಕಾಗಿ ಎಷ್ಟು ಸಲ ಕಿತ್ತಾಡಿದರು ಅಂದರೆ ಅದು ಹದಿನಾಲ್ಕು ಸಲ ಕೈ ಬದಲಾಯಿಸಿತು ಅಂತಾರೆ. ಹಳ್ಳಿ ಕಡೆ ಅಜ್ಜಿ ಮೊಮ್ಮಕ್ಕಳ ಜೊತೆ ಮಾತಾಡೋದು ಕ್ವೆಯೋಲ್. ಅದು ಫ್ರೆಂಚ್‌ನಿಂದ ಹುಟ್ಟಿದ ಮಾತು, ಪಕ್ಕದ ಮಾರ್ಟಿನಿಕ್‌ನವರಿಗೆ ಅರ್ಥವಾಗುತ್ತೆ, ಜಮೈಕಾದವರಿಗೆ ಆಗಲ್ಲ. ಹಾಗಿದ್ದೂ ಸೇಂಟ್ ಲೂಸಿಯಾ ಗೆರೆಯ ಒಳಗೇ ಇದೆ. ವೆಸ್ಟ್ ಇಂಡೀಸ್‌ಗೆ ಎರಡು ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ ಡ್ಯಾರೆನ್ ಸ್ಯಾಮಿ ಆ ದ್ವೀಪದವರು.

ಇದಕ್ಕೆ ಉಲ್ಟಾ ಗಯಾನಾದ ಪಕ್ಕದ ಸುರಿನಾಮ್. ಅಲ್ಲಿ ಬೀದಿಯಲ್ಲಿ ಎಲ್ಲರೂ ಆಡುವ ಮಾತು ಸ್ರಾನನ್. ಅದರ ಬೇರು ಇಂಗ್ಲಿಷ್. ಯಾಕೆ ಅಂದರೆ 1650ರ ಹೊತ್ತಿಗೆ ಅಲ್ಲಿ ಮೊದಲು ತೋಟ ಹಾಕಿದವರು ಇಂಗ್ಲಿಷರು. 1667ರ ಬ್ರೆಡಾ ಒಪ್ಪಂದದಲ್ಲಿ ಸುರಿನಾಮ್ ಡಚ್ಚರಿಗೆ ಹೋಯಿತು, ಈಗಿನ ನ್ಯೂಯಾರ್ಕ್ ಇಂಗ್ಲಿಷರಿಗೆ ಉಳಿಯಿತು. ಸಾಹೇಬರು ಹೋದರು, ಗುಲಾಮರ ಬಾಯಲ್ಲಿ ಮಾತು ಉಳಿಯಿತು. ಮೂರೂವರೆ ಶತಮಾನದಿಂದ ಇಂಗ್ಲಿಷ್ ಬೇರಿನ ಮಾತು ಆಡುತ್ತಿದ್ದರೂ ಸುರಿನಾಮ್ ವೆಸ್ಟ್ ಇಂಡೀಸ್ ತಂಡದಲ್ಲಿಲ್ಲ.

ಹಾಗಾದರೆ ಮನೆ ಮಾತು ಇಲ್ಲಿ ಕೆಲಸಕ್ಕೆ ಬರಲಿಲ್ಲ. ನನ್ನ ಪ್ರಕಾರ ಆ ಸೀಮೆಯನ್ನು ಗುರುತಿಸಬೇಕಾದರೆ ಮಗು ಅಮ್ಮನ ಹತ್ತಿರ ಏನು ಮಾತಾಡುತ್ತೆ ಅಂತ ಕೇಳಬಾರದು. ಪರೀಕ್ಷೆಯಲ್ಲಿ ಏನು ಬರೆಯುತ್ತೆ ಅಂತ ಕೇಳಬೇಕು.

ಮೊದಲೆಲ್ಲ ಅಲ್ಲಿನ ಹೈಸ್ಕೂಲು ಮಕ್ಕಳ ಪ್ರಶ್ನೆಪತ್ರಿಕೆ ಕೇಂಬ್ರಿಡ್ಜ್‌ನಿಂದ, ಲಂಡನ್‌ನಿಂದ ಬರುತ್ತಿತ್ತು. ಉತ್ತರ ಪತ್ರಿಕೆ ಅಲ್ಲಿಗೇ ವಾಪಸು ಹೋಗುತ್ತಿತ್ತು. ಹಿಮ ಕಾಣದ ಮಕ್ಕಳು ಚಳಿಗಾಲದ ಮೇಲೆ ಪದ್ಯ ಬಾಯಿಪಾಠ ಮಾಡಿದವು. ನಾವೂ ಕಂಡಿರದ ಡ್ಯಾಫೊಡಿಲ್ ಹೂವಿನ ಪದ್ಯ ಉರು ಹೊಡೆದವರೇ ಅಲ್ವಾ, ಅದರ ರುಚಿ ನಮಗೂ ಗೊತ್ತು. 1972ರಲ್ಲಿ ಈ ದೇಶಗಳೆಲ್ಲ ಸೇರಿ ತಮ್ಮದೇ ಪರೀಕ್ಷಾ ಮಂಡಳಿ ಮಾಡಿಕೊಂಡವು. 1979ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಕೆರಿಬಿಯನ್ ಇತಿಹಾಸ ಒಂದು ವಿಷಯವಾಗಿ ಬಂತು. ಇವತ್ತು ಬೆಲೀಜ್‌ನ ಹುಡುಗಿ, ಗಯಾನಾದ ಹುಡುಗ ಒಂದೇ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ಒಬ್ಬಳು ಮಧ್ಯ ಅಮೆರಿಕದಲ್ಲಿ, ಇನ್ನೊಬ್ಬ ದಕ್ಷಿಣ ಅಮೆರಿಕದಲ್ಲಿ. ಇಬ್ಬರದೂ ದ್ವೀಪವೇ ಅಲ್ಲ, ಆದರೂ ಇಬ್ಬರೂ ಕೆರಿಬಿಯನ್. ವಿಶ್ವವಿದ್ಯಾಲಯವೂ ಹೀಗೇ. 1948ರಲ್ಲಿ ಜಮೈಕಾದ ಮೋನಾದಲ್ಲಿ ಲಂಡನ್ ವಿಶ್ವವಿದ್ಯಾಲಯದ ಕೈಕೆಳಗೆ ಶುರುವಾಯಿತು. ಆಮೇಲೆ ಟ್ರಿನಿಡಾಡ್, ಬಾರ್ಬಡೋಸ್‌ಗೂ ಹಬ್ಬಿತು. ಬೇರೆ ಬೇರೆ ದ್ವೀಪದ ಹುಡುಗರು ಹಾಸ್ಟೆಲಿನ ಒಂದೇ ರೂಮಿನಲ್ಲಿ ಮಲಗಿ ಎದ್ದದ್ದು ಅಲ್ಲೇ. ಅದಕ್ಕೂ ಮುಂಚೆ ಈ ದ್ವೀಪಗಳ ಲೇಖಕರಿಗೆ ಪರಸ್ಪರ ಓದುವ ದಾರಿಯೇ ಕಮ್ಮಿ. 1943ರಿಂದ 1958ರ ತನಕ ಬಿಬಿಸಿಯಲ್ಲಿ ಅವರಿಗಾಗಿ ಒಂದು ರೇಡಿಯೋ ಕಾರ್ಯಕ್ರಮ ಇತ್ತು. ಬಾರ್ಬಡೋಸ್‌ನವನು ಕಥೆ ಬರೆದು ಕಳಿಸಿದರೆ ಅದು ಲಂಡನ್ನಿಗೆ ಹೋಗಿ, ಅಲ್ಲಿಂದ ಶಾರ್ಟ್‌ವೇವ್‌ನಲ್ಲಿ ಜಮೈಕಾದವನ ಕಿವಿಗೆ ಬೀಳಬೇಕಿತ್ತು.

ನನಗೆ ಈ ವಿಷಯ ನಿಜವಾಗಿ ಹಿಡಿಸಿದ್ದು ಗಯಾನಾದ ಒಂದು ಕಬ್ಬಿನ ತೋಟದಿಂದ. ಹೆಸರು ಪೋರ್ಟ್ ಮೊರಾಂಟ್. ಪೂರ್ವದ ಬರ್ಬೀಸ್ ಕಡೆ, ಸಮುದ್ರದಂಚಿನ ಚಪ್ಪಟೆ ನೆಲ. ಗುಲಾಮಗಿರಿ 1838ರ ಆಗಸ್ಟ್‌ನಲ್ಲಿ ಪೂರ್ತಿ ಮುಗಿಯಿತು. ಅದೇ ವರ್ಷ ಮೇ ತಿಂಗಳಲ್ಲೇ ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗುಗಳು ಗಯಾನಾ ಸೇರಿದ್ದವು. ತೋಟದ ಮಾಲೀಕರು ಒಂದು ಹಂಗಾಮೂ ಕೈ ಖಾಲಿ ಬಿಡಲಿಲ್ಲ. 1917ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು 2,39,000 ಭಾರತೀಯರು ಗಯಾನಾಕ್ಕೆ, 1,44,000 ಮಂದಿ ಟ್ರಿನಿಡಾಡ್‌ಗೆ ಹೋಗಿದ್ದರು. ಹೆಚ್ಚಿನವರು ಭೋಜಪುರಿ ಸೀಮೆಯವರು. ಮದ್ರಾಸ್ ಬಂದರಿನಿಂದ ಹೋದವರೂ ಇದ್ದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗಲೂ ಮಾರಿಯಮ್ಮನಿಗೆ ತಪ್ಪು ಬಡಿದು ಪೂಜೆ ಮಾಡುತ್ತಾರೆ. ತಪ್ಪು ಅಂದರೆ ನಮ್ಮ ತಮಟೆಯ ಹತ್ತಿರದ ನೆಂಟ.

ಪೋರ್ಟ್ ಮೊರಾಂಟ್ ತೋಟದ ಕೂಲಿ ಲೈನುಗಳ ಸುತ್ತಮುತ್ತಲಿಂದ ಬಂದವರನ್ನು ಎಣಿಸಿ: ರೋಹನ್ ಕಾನ್ಹಾಯ್, ಬೇಸಿಲ್ ಬುಚರ್, ಜೋ ಸಾಲಮನ್, ಆಲ್ವಿನ್ ಕಾಳಿಚರಣ್. ನಾಲ್ವರೂ ಟೆಸ್ಟ್ ಆಟಗಾರರು. ಆಮೇಲೆ ಗಯಾನಾದ ಅಧ್ಯಕ್ಷರಾದ ಚೆಡ್ಡಿ ಜಗನ್ ಹುಟ್ಟಿದ್ದೂ ಅಲ್ಲೇ. 1954ರಲ್ಲಿ ಬಾರ್ಬಡೋಸ್‌ನ ಕ್ಲೈಡ್ ವಾಲ್ಕಾಟ್‌ರನ್ನು ಸಕ್ಕರೆ ಕಂಪನಿಗಳ ಸಂಘ ತೋಟಗಳಲ್ಲಿ ಕ್ರಿಕೆಟ್ ಬೆಳೆಸೋಕೆ ಅಂತ ಕರೆಸಿಕೊಂಡಿತು. ಅಲ್ಲಿಯವರೆಗೆ ತೋಟದ ಹುಡುಗರು ಜಾರ್ಜ್‌ಟೌನ್‌ನ ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಬಿದ್ದೇ ಇರಲಿಲ್ಲ. ನಾಲ್ಕೈದು ವರ್ಷದಲ್ಲಿ ಕಾನ್ಹಾಯ್ ಈಡನ್ ಗಾರ್ಡನ್ಸ್‌ನಲ್ಲಿ ನಮ್ಮ ವಿರುದ್ಧ 256 ಹೊಡೆದರು. ಗಯಾನಾಕ್ಕೆ ಹೋದ ಕೂಲಿ ಹಡಗುಗಳು ಜಾಸ್ತಿ ಹೊರಟದ್ದು ಅದೇ ಕಲ್ಕತ್ತೆಯಿಂದ. ಗಾವಸ್ಕರ್ ತಮ್ಮ ಮಗನಿಗೆ ಮೂವರ ಹೆಸರು ಸೇರಿಸಿ ಇಟ್ಟರು, ಕಾನ್ಹಾಯ್, ಜಯಸಿಂಹ ಮತ್ತು ನಮ್ಮ ವಿಶ್ವನಾಥ್.

ಆ ಕಾಲದಲ್ಲಿ ಗಯಾನಾದ ಸಕ್ಕರೆ ಅಂದರೆ ಬೂಕರ್ ಕಂಪನಿ. ತೋಟ ಅವರದು, ಹಡಗು ಅವರದು, ಅಂಗಡಿ ಅವರದು. ಆ ಬೂಕರೇ 1969ರಲ್ಲಿ ಸಾಹಿತ್ಯ ಪ್ರಶಸ್ತಿಯೊಂದನ್ನು ಶುರುಮಾಡಿದ್ದು. 1972ರಲ್ಲಿ ಅದನ್ನು ಗೆದ್ದ ಜಾನ್ ಬರ್ಜರ್, ಈ ದುಡ್ಡು ಬಂದದ್ದು ಕೆರಿಬಿಯನ್ ಜನರ ಬೆವರಿನಿಂದ ಅಂತ ವೇದಿಕೆಯಲ್ಲೇ ಹೇಳಿ ಅರ್ಧ ಹಣವನ್ನು ಬ್ಲ್ಯಾಕ್ ಪ್ಯಾಂಥರ್ಸ್ ಅನ್ನೋ ಕಪ್ಪು ಜನರ ಹೋರಾಟದ ಸಂಘಟನೆಗೆ ಕೊಟ್ಟರು. ಈಗ ಪ್ರಶಸ್ತಿಗೆ ದುಡ್ಡು ಕೊಡುವವರು ಬೇರೆ, ಹೆಸರು ಮಾತ್ರ ಉಳಿದಿದೆ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹಾಸನ, ಕೊಡಗು ಅಂತ ನಾವು ಕುಣಿದಾಡಿದೆವು, ಕುಣಿಯಲೇಬೇಕಿತ್ತು. ಆ ಹೆಸರಿನ ಹಿಂದೆ ಬರ್ಬೀಸ್ ಕಡೆಯ ಕಬ್ಬಿನ ಗದ್ದೆಯೂ ಇದೆ ಅನ್ನೋದು ಸುಮ್ನೆ ನೆನಪಿಗೆ.

ಪೋರ್ಟ್ ಮೊರಾಂಟ್‌ನಿಂದ ಪೂರ್ವಕ್ಕೆ ಹೋದರೆ ಕೊರೆಂಟೈನ್ ನದಿ. ಫೆರಿ ಹತ್ತಿ ಆಚೆ ದಡ ಮುಟ್ಟಿದರೆ ಸುರಿನಾಮ್. ಅಲ್ಲೂ ಭತ್ತದ ಗದ್ದೆ, ಅಲ್ಲೂ ಮನೆ ಮುಂದೆ ಪೂಜೆಯ ಬಾವುಟ. 1873ರಿಂದ 1916ರ ತನಕ ಅದೇ ಕಲ್ಕತ್ತೆಯಿಂದ, ಅದೇ ಜಿಲ್ಲೆಗಳಿಂದ ಸುಮಾರು 34,000 ಜನ ಡಚ್ಚರ ತೋಟಗಳಿಗೆ ಹೋದರು. ಒಂದೇ ಊರಿನ ಇಬ್ಬರು ಬೇರೆ ಬೇರೆ ಹಡಗು ಹತ್ತಿದ್ದರೆ ಒಬ್ಬ ನದಿಯ ಈಚೆ, ಒಬ್ಬ ಆಚೆ. ಈಚೆ ದಡದವನ ಮೊಮ್ಮಗ ಕ್ರಿಕೆಟ್ ಆಡಿದ, ಆಚೆ ದಡದವನ ಮೊಮ್ಮಗ ಫುಟ್‌ಬಾಲ್. ಅವನಿಗೆ ಕೈತುಂಬ ಅವಕಾಶ ಸಿಗೋದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಇವನಿಗೆ ಲಂಡನ್, ಟೊರಾಂಟೊ, ನ್ಯೂಯಾರ್ಕ್‌ನಲ್ಲಿ. ಇನ್ನೂ ಸೋಜಿಗ ಏನಂದರೆ ಸುರಿನಾಮ್‌ನಲ್ಲಿ ಭೋಜಪುರಿಯಿಂದ ಬೆಳೆದ ಸರ್ನಾಮಿ ಈಗಲೂ ಮನೆಗಳಲ್ಲಿ ಜೀವಂತ. ಗಯಾನಾದಲ್ಲಿ ಹೋಗೇಬಿಟ್ಟಿದೆ. ಇದಕ್ಕೆ ನನಗೆ ತೋಚುವ ಕಾರಣ ಇಷ್ಟು. ಗಯಾನಾದಲ್ಲಿ ಬೀದಿಯ ಕ್ರಿಯೋಲ್ ಅನ್ನೋ ಬೆರಕೆ ಮಾತಿಗೂ ಇಂಗ್ಲಿಷ್ ಬೇರು, ಶಾಲೆಯಲ್ಲೂ ಇಂಗ್ಲಿಷೇ. ಎರಡೂ ಕಡೆಯಿಂದ ಒಂದೇ ದಿಕ್ಕಿಗೆ ಎಳೆತ. ಸುರಿನಾಮ್‌ನಲ್ಲಿ ಶಾಲೆಗೆ ಡಚ್, ಬೀದಿಗೆ ಸ್ರಾನನ್. ಎರಡರ ನಡುವೆ ಮನೆಮಾತಿಗೆ ಒಂದು ಸಂದು ಉಳಿಯಿತು.

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ರಿಚ್ಮಂಡ್ ಹಿಲ್ ಅನ್ನೋ ಬಡಾವಣೆ ಇದೆ. ಅಕ್ಕನ ಮನೆ ಆ ಕಡೆ ಇರೋದರಿಂದ ನಾನು ಅಲ್ಲಿ ಓಡಾಡಿದ್ದೇನೆ. ಲಿಬರ್ಟಿ ಅವೆನ್ಯೂ ಮೇಲೆ ಕಂಬಗಳ ಮೇಲೆ ರೈಲು ಓಡುತ್ತೆ, ಕೆಳಗೆ ಉದ್ದಕ್ಕೂ ಗಯಾನಾದವರ ಅಂಗಡಿ. ಸೀರೆ, ಹಿತ್ತಾಳೆ ಲೋಟ, ಹನುಮಂತನ ಫೋಟೊ, ಪಕ್ಕದಲ್ಲೇ ಪೈನ್ ಟಾರ್ಟ್ ಮತ್ತು ಫುಲೌರಿ. ಒಂದು ರೊಟ್ಟಿ ಅಂಗಡಿಯಲ್ಲಿ ದಾಲ್‌ಪುರಿಗೆ ಸಾಲಿನಲ್ಲಿ ನಿಂತಿದ್ದೆ. ಮುಂದೆ ಎಪ್ಪತ್ತು ದಾಟಿದ ಒಬ್ಬರು ಹಿರಿಯರು. ಮುಖ ನೋಡಿದರೆ ನಮ್ಮ ದಾವಣಗೆರೆಯ ಯಾವುದೋ ಮಂಡಿ ಮುಂದೆ ಕೂತಿರಬೇಕಾದವರು. ಬಾಯಿ ತೆರೆದರೆ ಜಮೈಕಾದವರ ಹಾಗೆ ತೇಲಿಸಿ ಆಡುವ ಇಂಗ್ಲಿಷ್. ಯಾವ ಕಡೆಯವಳು ಅಂತ ಕೇಳಿದರು. ಬೆಂಗಳೂರು ಅಂದೆ.

"ಓ, ಬ್ಯಾಂಗಲೋರ್! ಕಾಳಿ ಒದ್ದೆ ಪಿಚ್ಚಿನ ಮೇಲೆ ನೂರು ಹೊಡೆದದ್ದು ಅಲ್ಲೇ ಅಲ್ವಾ ಮಗಳೇ?"

ಕಾಳಿ ಅಂದರೆ ಕಾಳಿಚರಣ್. 1974ರ ಅದೇ ಟೆಸ್ಟ್, 124 ರನ್. ಅವರು ಅದನ್ನು ಬರ್ಬೀಸ್‌ನಲ್ಲಿ ಕೂತು ರೇಡಿಯೋದಲ್ಲಿ ಕೇಳಿದ್ದರಂತೆ, ಬೆಳಗಿನ ಜಾವಕ್ಕೂ ಮುಂಚೆ ಎದ್ದು. ನಾವು ಅವರ ಪಂದ್ಯಕ್ಕೆ ರಾತ್ರಿ ನಿದ್ದೆಗೆಟ್ಟ ಹಾಗೆ ಅವರು ನಮ್ಮ ಪಂದ್ಯಕ್ಕೆ. ಹಿಂದಿ ಬರುತ್ತಾ ಅಂತ ಕೇಳಿದೆ. ಭಜನೆ ಬರುತ್ತೆ, ಅರ್ಥ ಗೊತ್ತಿಲ್ಲ ಅಂತ ನಕ್ಕರು. ನನ್ನ ಹಿಂದಿಯೂ ಅಷ್ಟಕ್ಕಷ್ಟೇ. ಇಬ್ಬರೂ ಇಂಗ್ಲಿಷ್‌ನಲ್ಲೇ ಮಾತಾಡಿಕೊಂಡು, ಅವರ ಒತ್ತಾಯಕ್ಕೆ ಖಾರದ ಸಾಸ್ ಜಾಸ್ತಿ ಹಾಕಿಸಿಕೊಂಡು ಬಂದೆ.

ಪರಂಪರೆ ಅನ್ನೋ ಮಾತು ಕೇಳೋಕೆ ಚೆನ್ನಾಗಿರುತ್ತೆ. ಅಲ್ಲಿ ಅದರ ಲೆಕ್ಕದ ಪುಸ್ತಕ ತೆಗೆದರೆ ಹಾಗಿಲ್ಲ. ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಅಂದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಸ್ ಓಡಿಸುತ್ತಿದ್ದ ಜಮೈಕಾದವನೂ ತನ್ನ ತೆರಿಗೆಯಲ್ಲಿ ಆ ಸಾಲ ತೀರಿಸಿದ. ಕ್ರಿಕೆಟ್ಟೂ ಅದೇ ಗಂಟಿನಲ್ಲಿ ಬಂದದ್ದು. ವೆಸ್ಟ್ ಇಂಡೀಸ್ 1928ರಲ್ಲಿ ಟೆಸ್ಟ್ ಆಡಲು ಶುರುಮಾಡಿದರೂ, ಇಡೀ ಸರಣಿಗೆ ಅಂತ ಒಬ್ಬ ಕಪ್ಪು ಮನುಷ್ಯನನ್ನು ನಾಯಕ ಮಾಡಿದ್ದು 1960ರಲ್ಲಿ. ಅವರು ಫ್ರಾಂಕ್ ವೊರೆಲ್. ಹೆಡ್ಲಿಗೆ 1948ರಲ್ಲಿ ಸಿಕ್ಕಿದ್ದು ಒಂದೇ ಒಂದು ಟೆಸ್ಟ್. 1962ರಲ್ಲಿ ಬಾರ್ಬಡೋಸ್‌ನಲ್ಲಿ ನಮ್ಮ ತಂಡದ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಚೆಂಡು ಬಡಿದು ಸಾವಿನ ಅಂಚಿಗೆ ಹೋದಾಗ ರಕ್ತ ಕೊಟ್ಟವರಲ್ಲಿ ಇದೇ ವೊರೆಲ್ ಒಬ್ಬರು.

ವೊರೆಲ್ ನಾಯಕರಾದ ವರ್ಷದ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಇತಿಹಾಸದ ಮೊದಲ ಟೈ ಆಯಿತು. ಕೊನೆಯ ಥ್ರೋ ಹೊಡೆದು ರನೌಟ್ ಮಾಡಿದ್ದು ಪೋರ್ಟ್ ಮೊರಾಂಟ್‌ನ ಜೋ ಸಾಲಮನ್. ಆ ದಿನಗಳಲ್ಲಿ ವೆಸ್ಟ್ ಇಂಡೀಸ್ ಅನ್ನೋದು ನಿಜಕ್ಕೂ ಒಂದು ದೇಶವಾಗುವ ಹಾದಿಯಲ್ಲಿತ್ತು, ಇದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. 1958ರ ಜನವರಿ 3ರಂದು ಹತ್ತು ವಸಾಹತುಗಳು ಸೇರಿ ಒಕ್ಕೂಟ ಮಾಡಿಕೊಂಡಿದ್ದವು. ರಾಜಧಾನಿ ಪೋರ್ಟ್ ಆಫ್ ಸ್ಪೇನ್, ಪ್ರಧಾನಿ ಬಾರ್ಬಡೋಸ್‌ನ ಗ್ರಾಂಟ್ಲಿ ಆಡಮ್ಸ್. ಭಾಷೆ ಒಂದು, ಕಾನೂನು ಒಂದು, ಆಟ ಒಂದು, ವಿಶ್ವವಿದ್ಯಾಲಯ ಒಂದು. ಇನ್ನೇನು ಬೇಕಿತ್ತು ಹೇಳಿ?

ಬೇಕಿದ್ದದ್ದು ಬೇಕಾದಷ್ಟಿತ್ತು. ಜಮೈಕಾದ ನಾರ್ಮನ್ ಮ್ಯಾನ್ಲಿ, ಟ್ರಿನಿಡಾಡ್‌ನ ಎರಿಕ್ ವಿಲಿಯಮ್ಸ್, ಇಬ್ಬರು ದೊಡ್ಡ ನಾಯಕರೂ ಒಕ್ಕೂಟದ ಚುನಾವಣೆಗೆ ನಿಲ್ಲದೆ ತಮ್ಮ ತಮ್ಮ ದ್ವೀಪದಲ್ಲೇ ಉಳಿದರು. ಕಿಂಗ್‌ಸ್ಟನ್‌ನಿಂದ ರಾಜಧಾನಿಗೆ ಸುಮಾರು 1,800 ಕಿ.ಮೀ. ಒಕ್ಕೂಟದ ಅರ್ಧದಷ್ಟು ಜನ ಜಮೈಕಾದಲ್ಲೇ ಇದ್ದರು. ಚಿಕ್ಕ ದ್ವೀಪಗಳ ಖರ್ಚೆಲ್ಲ ನಮ್ಮ ತಲೆಗೆ ಬರುತ್ತೆ ಅಂತ ಅವರ ಭಯ. ಚಿಕ್ಕ ದ್ವೀಪದವರೆಲ್ಲ ಕೆಲಸ ಹುಡುಕಿಕೊಂಡು ನಮ್ಮಲ್ಲಿಗೇ ಬರುತ್ತಾರೆ ಅಂತ ಟ್ರಿನಿಡಾಡ್‌ನ ಭಯ. ಟ್ರಿನಿಡಾಡ್ ಮತ್ತು ಗಯಾನಾದ ಭಾರತೀಯ ಮೂಲದವರಿಗೆ ಈ ದೊಡ್ಡ ಗುಂಪಿನಲ್ಲಿ ತಾವು ಪುಡಿ ಅಲ್ಪಸಂಖ್ಯಾತರಾಗುತ್ತೀವಿ ಅನ್ನೋ ದಿಗಿಲು. ಗಯಾನಾ ಸೇರಲೇ ಇಲ್ಲ. 1961ರ ಸೆಪ್ಟೆಂಬರ್ 19ರಂದು ಜಮೈಕಾ ಜನಮತ ಕೇಳಿತು. ಶೇ 54ರಷ್ಟು ಜನ ಹೊರಗೆ ಹೋಗೋಣ ಅಂದರು. ಹತ್ತರಲ್ಲಿ ಒಂದು ಕಳೆದರೆ ಉಳಿಯೋದು ಸೊನ್ನೆ ಅಂದರು ಎರಿಕ್ ವಿಲಿಯಮ್ಸ್. 1962ರ ಮೇ 31ಕ್ಕೆ ಒಕ್ಕೂಟದ ಬಾಗಿಲು ಮುಚ್ಚಿತು. ಬ್ರಿಸ್ಬೇನ್ ಟೈ ಆಗಿ ಒಂದೂವರೆ ವರ್ಷವೂ ಆಗಿರಲಿಲ್ಲ.

ಸಂಕೋಲೆ ತೊಡಿಸಿದವರ ಭಾಷೆ ಹಿಡಿದು ಒಂದು ತಂಡ ಕಟ್ಟಬಹುದು, ಪರೀಕ್ಷೆ ನಡೆಸಬಹುದು, ಹಾಡು ಕಟ್ಟಬಹುದು. ತೆರಿಗೆ ಯಾರು ಕೊಡಬೇಕು ಅನ್ನೋ ಪ್ರಶ್ನೆ ಬಂದಾಗ ಆ ನಂಟು ಸಾಲಲಿಲ್ಲ. ಲಂಡನ್ನಿಗೂ ಆ ನಂಟು ಸಾಲಲಿಲ್ಲ. 1948ರಲ್ಲಿ ಕೆರಿಬಿಯನ್‌ನಿಂದ ವಿಂಡ್‌ರಷ್ ಹಡಗಿನಲ್ಲಿ ಬಂದವರು, ಅವರ ಹಿಂದೆ ಬಂದವರು, ಎಲ್ಲರೂ ಬ್ರಿಟಿಷ್ ಪ್ರಜೆಗಳಾಗಿಯೇ ಬಂದವರು. ಯುದ್ಧದ ನಂತರ ಬಸ್ಸು, ಆಸ್ಪತ್ರೆ ನಡೆಸೋಕೆ ಜನ ಬೇಕಿತ್ತು, ಕರೆದರು. 1962ರ ವಲಸೆ ಕಾಯ್ದೆ ಬಾಗಿಲು ಕಿರಿದು ಮಾಡಿತು. 1971ರದ್ದು ಇನ್ನೂ ಕಿರಿದು ಮಾಡಿ, ಬ್ರಿಟನ್ನಿನಲ್ಲಿ ಹುಟ್ಟಿದ ಅಪ್ಪ, ಅಮ್ಮ, ತಾತ, ಅಜ್ಜಿ ಯಾರಾದರೂ ಇದ್ದಾರಾ ಅಂತ ನೋಡತೊಡಗಿತು. ಆಸ್ಟ್ರೇಲಿಯಾದವನಿಗೆ ಅಂಥ ತಾತ ಇರುವುದು ಸಾಮಾನ್ಯ, ಬಾರ್ಬಡೋಸ್‌ನವನಿಗೆ ಅಪರೂಪ. ಐವತ್ತು ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದ ಮುದುಕರಿಗೆ ಕಾಗದ ತೋರಿಸಿ ಅಂತ ಕೆಲಸ, ಚಿಕಿತ್ಸೆ ನಿಲ್ಲಿಸಿದ್ದು, ಕೆಲವರನ್ನು ಹಡೆದ ದ್ವೀಪಕ್ಕೇ ಗಡಿಪಾರು ಮಾಡಿದ್ದು 2018ರಲ್ಲಿ ಹೊರಬಿತ್ತು. ಗೃಹ ಮಂತ್ರಿ ರಾಜೀನಾಮೆ ಕೊಟ್ಟರು.

ಗೆರೆ ಈಗ ಅಲ್ಲಲ್ಲಿ ಸಡಿಲವಾಗುತ್ತಿದೆ. 1973ರಲ್ಲಿ ನಾಲ್ಕು ಇಂಗ್ಲಿಷ್ ದೇಶಗಳು ಸೇರಿ ಕ್ಯಾರಿಕಾಮ್ ಅನ್ನೋ ಕೂಟ ಮಾಡಿಕೊಂಡವು. 1995ರಲ್ಲಿ ಸುರಿನಾಮ್, 2002ರಲ್ಲಿ ಹೈಟಿ ಬಂದವು. ಇಂಗ್ಲಿಷ್ ಕೆರಿಬಿಯನ್ ಪೂರಾ ಸೇರಿಸಿದರೂ ಜನಸಂಖ್ಯೆ ಎಪ್ಪತ್ತು ಲಕ್ಷದ ಆಸುಪಾಸು, ಹೈಟಿಯೊಂದರಲ್ಲೇ ಕೋಟಿಗೂ ಜಾಸ್ತಿ. ಅಂದರೆ ಆ ಕೂಟದಲ್ಲಿ ಈಗ ಹೆಚ್ಚಿನವರ ಮನೆಮಾತು ಇಂಗ್ಲಿಷ್ ಅಲ್ಲವೇ ಅಲ್ಲ. ಜಮೈಕಾದ ಜನ ಆಡುವ ಪಾಟ್ವಾದಲ್ಲಿ ಬೈಬಲಿನ ಹೊಸ ಒಡಂಬಡಿಕೆ ಬಂದದ್ದು 2012ರಲ್ಲಿ. ಚರ್ಚಿನಲ್ಲಿ ಈ ಮಾತಾ ಅಂತ ಮೂಗು ಮುರಿದವರೂ ಇದ್ದರು. ಮುರಿದವರು ಮನೆಗೆ ಹೋಗಿ ಹೆಂಡತಿ ಮಕ್ಕಳ ಹತ್ತಿರ ಮಾತಾಡಿದ್ದು ಅದರಲ್ಲೇ.

ಇನ್ನು ಕ್ರಿಕೆಟ್‌ಗೆ ಹೊಸ ಪೇಚು ಬಂದಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಟಿ20 ಇದೆ, ಗಂಡಸರಿಗೆ ಆರು ತಂಡ, ಹೆಂಗಸರಿಗೆ ಆರು. ಒಲಿಂಪಿಕ್ಸ್‌ನಲ್ಲಿ ವೆಸ್ಟ್ ಇಂಡೀಸ್ ಅನ್ನೋದೇ ಇಲ್ಲ. ಜಮೈಕಾ ಬೇರೆ, ಬಾರ್ಬಡೋಸ್ ಬೇರೆ. ಒಮ್ಮೆ ಮಾತ್ರ ಇತ್ತು. 1960ರ ರೋಮ್‌ನಲ್ಲಿ ಆ ಅಲ್ಪಾಯುಷಿ ಒಕ್ಕೂಟದ ಹೆಸರಲ್ಲಿ ಹೋದವರು ಎರಡು ಕಂಚು ತಂದರು. ಒಂದು 800 ಮೀಟರ್ ಓಟದಲ್ಲಿ, ಇನ್ನೊಂದು 4x400 ರಿಲೇಯಲ್ಲಿ. ರಿಲೇಯಲ್ಲಿ ಮೂವರು ಜಮೈಕಾದವರು, ಒಬ್ಬ ಬಾರ್ಬಡೋಸ್‌ನವನು.

ಈಗ ತಂಡದಲ್ಲಿ ಕೀಸಿ ಕಾರ್ಟಿ ಅನ್ನೋ ಬ್ಯಾಟ್ಸ್‌ಮನ್ ಇದ್ದಾನೆ. 2016ರ ಅಂಡರ್-19 ವಿಶ್ವಕಪ್ ಫೈನಲ್‌ನಲ್ಲಿ ದ್ರಾವಿಡ್ ಕೋಚ್ ಆಗಿದ್ದ ನಮ್ಮ ಹುಡುಗರ ವಿರುದ್ಧ ಔಟಾಗದೆ 52 ಹೊಡೆದು ಕಪ್ ಕಿತ್ತುಕೊಂಡವನು. ಊರು ಸಿಂಟ್ ಮಾರ್ಟೆನ್. 1648ರಿಂದ ಆ ಪುಟ್ಟ ದ್ವೀಪದ ಅರ್ಧ ಫ್ರೆಂಚರದು, ಅರ್ಧ ಡಚ್ಚರದು. ಕಾರ್ಟಿಯದು ಡಚ್ ಕಡೆ. ಅಲ್ಲಿ ಜನ ಆಡೋದು ಇಂಗ್ಲಿಷ್, ಆದ್ದರಿಂದ ಕ್ರಿಕೆಟ್ ಲೆಕ್ಕದಲ್ಲಿ ಅವನು ವೆಸ್ಟ್ ಇಂಡೀಸ್. ಸಿಂಟ್ ಮಾರ್ಟೆನ್‌ಗೆ ಒಲಿಂಪಿಕ್ ಸಮಿತಿಯ ಮಾನ್ಯತೆ ಇಲ್ಲ. ಲಾಸ್ ಏಂಜಲೀಸ್‌ಗೆ ಜಮೈಕಾದವರೋ ಬಾರ್ಬಡೋಸ್‌ನವರೋ ಹೋದರೂ ಕಾರ್ಟಿ ಅವರ ಜೊತೆ ಹೋಗೋಹಾಗಿಲ್ಲ. ನಿಯಮ ಪುಸ್ತಕ ಹಿಡಿದು ಕೂತರೆ ಅವನು ಕೇಳಬೇಕಾದದ್ದು ನೆದರ್ಲೆಂಡ್ಸ್‌ನವರನ್ನು.